ಕಂಕುಳ ಹೊಲಿಗಿ

ಖಾಕಿ ಅಂಗಿ ಮೊದಲು ಹರಿಯೂದು ಮೊಣಕೈಯಾಗಲ್ಲ,
ಕಾಲರಿನಾಗಲ್ಲ, ಕಿಸೆ ಬಾಯಾಗಲ್ಲ.
ಬಲಗೈ ಕಂಕುಳಾಗ.
ಇಪ್ಪತ್ತಾರು ವರ್ಷ ಶಹಾಪುರದ ಖಡೇಬಜಾರದಾಗ
ಮಷೀನಿಗೆ ಕೂತ ನನಗ ಇಷ್ಟು ಗೊತ್ತು.
ಯಾಕಂತ ಕೇಳಿಲ್ಲ. ಹೊಲದು ಕೊಟ್ಟೀನಿ.
ಇಪ್ಪತ್ತು ರೂಪಾಯಿ.

ಹುಡುಗರು ಕಂಗ್ರಾಳಿ ಮೈದಾನದಿಂದ
ಹಿಂಡು ಹಿಂಡಾಗಿ ಬರ್ತಾವ ಅಳತಿ ಕೊಡಾಕ.
ರಾಯಬಾಗ, ಜಮಖಂಡಿ, ಇಂಡಿ, ಹುನಗುಂದ,
ಊರ ಮಣ್ಣು ಇನ್ನೂ ಉಗುರಾಗ.
ಟೇಪು ಎದಿಗೆ ಸುತ್ತಿದರ ಕಚಗುಳಿ ಆಗಿ ನಗ್ತಾವ.
"ಕಾಕಾ, ಉಸಿರು ಎಳೀಲೋ, ಬಿಡ್ಲೋ?"
ಬಿಡಪಾ ಅಂತೀನಿ. ಎಳೆದ ಉಸಿರಿಗೆ ಹೊಲದ ಅಂಗಿ
ಮನಿಗೆ ಹೋದ ಮ್ಯಾಲೆ ಯಾರದೋ ಆಗತೈತಿ.

ಒಂಬತ್ತು ತಿಂಗಳು. ಒಂದು ಕೂಸಿಗೆ ಹಿಡಿಯೂವಷ್ಟು.
ಮತ್ತ ಬರ್ತಾವ, ಮತ್ತ ಅಳತಿ.
ಎದಿ ಎರಡಿಂಚು ಏರಿರತೈತಿ, ಕುತ್ತಿಗಿ ಅರ್ಧ.
ಕಚಗುಳಿ ಹೋಗಿರತೈತಿ.

ಏನ್ ಕಲಿಸಿದ್ರೋ ಅಂದರ ಲಗಮಣ್ಣ ಬೆರಳು ಮಡಿಚಿದ:
ನಸುಕಿನಾಗ ಓಟ, ಎಡ-ಬಲ, ಎಡ-ಬಲ,
ಬೂಟಿನ ಪಾಲಿಶು, ಕಾಯ್ದೆಯ ಕಲಮು,
ಲಾಠಿ ಎಲ್ಲಿ ಬಿದ್ದರ ಗುರುತು ಉಳಿಯೂದಿಲ್ಲ.
"ಅದು ಪುಸ್ತಕದಾಗಿಲ್ಲ ಕಾಕಾ,
ಸೀನಿಯರ್‌ಗೋಳು ಚಾದ ಹೊತ್ತಿನಾಗ ಹೇಳ್ತಾರ."
ಮನುಷ್ಯಾನ ಹಕ್ಕು ಅಂತ ಒಂದು ಪಾಠನೂ ಇತ್ತಂತ,
ಊಟ ಆದ ಮ್ಯಾಲೆ, ಫ್ಯಾನಿನ ಕೆಳಗ.
ಎಲ್ಲಾರೂ ತೂಕಡಿಸಿದ್ರಂತ. ಕಲಿಸಾಕ ಬಂದವ್ರೂ.

ಪಿಂಟೋ ಸಾಹೇಬ್ರು ಹೊರದೇಶ ಸುತ್ತಿ ಬಂದ ವರ್ಷ
ಕೋಟಿನ ಅಳತಿ ಕೊಡ್ತಾ ಕೊಡ್ತಾ ಹೇಳಿದ್ರು:
ಹಿಮ ಬೀಳೂ ಒಂದು ದೇಶದಾಗ ಪೊಲೀಸಾಗಾಕ
ಮೂರು ವರ್ಷ ಕಾಲೇಜು ಓದಬೇಕಂತ.
ಅಲ್ಲಿ ಮೊದಲ ಹತ್ಯಾರ ನಾಲಗಿಯಂತ.
ಚಾಕು ಹಿಡದು ಬಾಗಿಲಾ ಹಾಕ್ಕೊಂಡವನ ಜೊತಿ
ತಾಸುಗಟ್ಲೆ ಮಾತಾಡೂದ ಪರೀಕ್ಷಾ ಅಂತ.
ಇನ್ನೊಂದು ದೊಡ್ಡ ದೇಶದಾಗ ಕೆಲವು ವಾರ ಕಲಿಸಿ
ಪಿಸ್ತೂಲು ಕೈಗಿಡ್ತಾರಂತ.
ಜಪಾನಿನಾಗ, ಕುಡದು ಒದರಾಡವನ್ನ
ದಪ್ಪ ಹಾಸಿಗಿಯೊಳಗ ಸುರುಳಿ ಸುತ್ತಿ ಹೊತ್ಕೊಂಡು ಹೋಗಿ
ನಶೆ ಇಳಿಯೂತನ ಕಾಯ್ತಾರಂತ.
ಕೌದಿ ಅನ್ರಿ ಸಾಹೇಬ್ರ, ಅಂದೆ, ನಮ್ಮವ್ವ ಹೊಲೀತಿದ್ಲು.
ಅವರೂ ನಕ್ಕರು. ಆಮ್ಯಾಲೆ ಬಲಗೈ ಎತ್ತಿ ನೋಡಿ,
"ಇಲ್ಲೊಂಚೂರು ಸಡ್ಲ ಇರಲಿ," ಅಂದ್ರು.

ಮೊನ್ನೆ ಮಂಗಳವಾರ ಎರಡು ಅಂಗಿ ಬಂದ್ವು.
ಮುಂಜಾನೆ ಲಗಮಣ್ಣಂದು. ಕಂಕುಳು ನಾಕು ಬೆರಳು ಬಿಚ್ಚಿತ್ತು.
"ರಾತ್ರಿ ಡ್ಯೂಟಿ ಜೋರಿತ್ತು ಕಾಕಾ."
ಮಧ್ಯಾಹ್ನ ಮಲಪ್ರಭಾ ಬಂದ್ಲು, ಹೂವಿನ ಬುಟ್ಟಿ ತಳದಾಗ
ಮಗ ಸಿದ್ರಾಯಿ ಅಂಗಿ ಮಡಿಚಿ ಇಟಗೊಂಡು.
ಯಾರದೋ ಮೊಬೈಲು ಕಳದಿತ್ತು, ಕೇಳಾಕ ಒಯ್ದಿದ್ರು.
ಮೊಬೈಲು ನಸುಕಿನಾಗ ಸಿಕ್ತಂತ,
ಕಳಕೊಂಡವನ ಮನಿಯಾಗ, ಸೋಫಾದ ಸಂದ್ಯಾಗ.
ಅಂಗಿಗೆ ಐದು ಗುಂಡಿ ಇಲ್ಲ. ಬೆನ್ನ ಕಡೆ ಅರಿವಿ
ತೊಳೆದರೂ ಗಟ್ಟಿಯಾಗೇ ಇತ್ತು.
"ಕೆಲಸಕ್ಕ ಹಾಕ್ಕೊಳ್ಳಾಕ ಇದೊಂದ ಐತಿ," ಅಂದ್ಲು.
ಮತ್ತೇನೂ ಅನ್ನಲಿಲ್ಲ. ನಾನೂ ಕೇಳಲಿಲ್ಲ,
ಯಾವ ಠಾಣೆ, ಯಾರ ಡ್ಯೂಟಿ.

ಒಂದ ಮೇಜು, ಒಂದ ದೀಪ.
ಡಬ್ಬಿಯಾಗ ಬಣ್ಣ ಕೂಡೂ ಗುಂಡಿ ನಾಕ ಇದ್ದುವು.
ಐದನೇದಕ್ಕ ಖಾಕಿ ಗುಂಡಿ ಕೈಗೆ ಬಂತು,
ಬಿಸಾಕಿದೆ. ನನ್ನ ಅಂಗಿದ ಕಿತ್ತು ಹಚ್ಚಿದೆ.

ಆಮ್ಯಾಲೆ ಲಗಮಣ್ಣನ ಅಂಗಿ ಒಳಹೊರಗು ಮಾಡಿದೆ.
ಕಂಕುಳಾಗ ನನ್ನವ ಹೊಲಿಗಿ, ಒಂದರ ಮ್ಯಾಲೊಂದು.
ಎಷ್ಟು ಸಲ ಪಟ್ಟಿ ಕೊಟ್ಟು ಸಡ್ಲ ಮಾಡೀನಿ,
ಎಷ್ಟು ತೋಳಿಗೆ ದಾರಿ ಬಿಟ್ಟು ಕೊಟ್ಟೀನಿ.
ಆ ಚಾದ ಹೊತ್ತಿನ ಮಾಸ್ತರರಾಗ
ನಾನೂ ಒಬ್ಬಾವ.

ಈ ಸಲ ಪಟ್ಟಿ ಇಡಲಿಲ್ಲ.
ಎರಡು ನೂಲು ಬಿಗಿದು ಗಂಟು ಹಾಕಿದೆ.
ಸೆಲ್ಯೂಟಿಗೆ ಸಾಲತೈತಿ.
ಕೂಸಿನ್ನ ಎತ್ಕೊಳ್ಳಾಕ ಸಾಲತೈತಿ.
ಅದರಾಚೆ ಕೈ ಹೋದರ ಅಂಗಿ ಜಗ್ಗತೈತಿ.

ನಾಳೆ ಹನ್ನೊಂದಕ್ಕ ಬರ್ತಾನ.
ಹಾಕ್ಕೊಂಡು, ಕನ್ನಡಿ ಮುಂದ ಕೈ ಎತ್ತಿ ನೋಡ್ತಾನ.
ಬಿಗಿ ಆತಲ್ಲ ಕಾಕಾ, ಅಂತಾನ.

ಏನ್ ಹೇಳಲಿ ಅಂತ
ನೂಲು ಹಲ್ಲಾಗ ಹಿಡಕೊಂಡು, ಕಡಿಯದ
ಕೂತೀನಿ.